ಬರೀ ಗ್ಯಾಸ್ಟ್ರಿಕ್

ಸೆಪ್ಟೆಂಬರ್ 1, 2024, ಭಾನುವಾರ

ಇವತ್ತು ಕಂಪನಿಯಲ್ಲಿ ಎಲ್ಲರಿಗೂ ಒಂದೊಂದು ನೋಟ್‌ಬುಕ್ ಕೊಟ್ಟರು. ನಾನು ನೋಡಿಕೊಳ್ಳುವ ಸ್ಟೋರ್ ರೂಮಿಗೆ ಕೈಗವಸು ಬೇಕು ಎಂದು ಬರೆದುಕೊಟ್ಟು ಮೂರು ವಾರವಾಯಿತು. ಅದು ಬಂದಿಲ್ಲ, ನೋಟ್‌ಬುಕ್ ಬಂತು. ರಟ್ಟಿನ ಮೇಲೆ ಸೂರ್ಯೋದಯದ ಚಿತ್ರ. ಕೆಳಗೆ ಇಂಗ್ಲಿಷಿನಲ್ಲಿ ‘ನಲವತ್ತು ದಿನಗಳಲ್ಲಿ ಹೊಸ ನೀವು’ ಎಂದಿದೆ. ಹಳೆಯ ನನ್ನಿಂದ ಇವರಿಗೆ ಏನು ತೊಂದರೆಯಾಗಿತ್ತೋ ಗೊತ್ತಿಲ್ಲ.

ಕೊಟ್ಟದ್ದು ಶ್ರೀಜಾ ಮೇಡಂ. ಎಚ್‌ಆರ್‌ಗೆ ಹೊಸದಾಗಿ ಬಂದವರು, ಬೆಂಗಳೂರಿನವರು, ನನ್ನ ಅರ್ಧ ವಯಸ್ಸು. ಊಟದ ಬಿಡುವಿನಲ್ಲಿ ಎಲ್ಲರನ್ನೂ ಕ್ಯಾಂಟೀನಿನಲ್ಲಿ ಕೂರಿಸಿ ಅರ್ಧ ಗಂಟೆ ಮಾತಾಡಿದರು. ದಿನಕ್ಕೆ ಮೂರು ಲೀಟರ್ ನೀರು ಕುಡಿಯಬೇಕು. ತುತ್ತನ್ನು ಮೂವತ್ತೆರಡು ಸಲ ಅಗಿಯಬೇಕು. ಬೆಳಿಗ್ಗೆ ಐದಕ್ಕೆ ಏಳಬೇಕು. ಕಂಪನಿ ಇರುವ ಸಲ್ಮಾಬಾದಿಗೆ ಬರುವ ನಮ್ಮ ಬಸ್ಸು ಹೊರಡುವುದೇ ಐದೂಕಾಲಿಗೆ. ಐದಕ್ಕೆ ಎದ್ದರೆ ಬಸ್ಸಿನ ಹಿಂದೆ ಓಡಬೇಕು. ಇದನ್ನು ಯಾರೂ ಹೇಳಲಿಲ್ಲ. ಕ್ಯಾಂಟೀನಿನಲ್ಲಿ ಏಸಿ ತಣ್ಣಗಿತ್ತು, ಎಲ್ಲರೂ ತಲೆಯಾಡಿಸಿದೆವು.

ಕೊನೆಗೆ ಹೆಸರು ಕೇಳಿದರು. ವಸಂತಕುಮಾರ, ಸ್ಟೋರ್ ಕೀಪರ್ ಎಂದೆ.

“ಕನ್ನಡದವ್ರಾ ಸರ್ ನೀವು? ಅಯ್ಯೋ, ನಂಗೆ ಗೊತ್ತೇ ಇರ್ಲಿಲ್ಲ! ಹಾಗಿದ್ರೆ ಕನ್ನಡದಲ್ಲೇ ಬರೀರಿ. ದಿನಾ ಮೂರು ಒಳ್ಳೆ ವಿಷಯ. ಯಾರೂ ಚೆಕ್ ಮಾಡಲ್ಲ, ಇದು ನಿಮಗೋಸ್ಕರ.”

ಹತ್ತನೆಯ ತರಗತಿಯ ಮೇಲೆ ಸ್ಟಾಕ್ ರಿಜಿಸ್ಟರ್ ಬಿಟ್ಟು ಬೇರೆ ಏನೂ ಬರೆದವನಲ್ಲ ನಾನು. ಯಾರೂ ನೋಡುವುದಿಲ್ಲ ಎಂದಮೇಲೆ ಬರೆಯಬಹುದು. ಮಾತಾಡುವುದಕ್ಕಿಂತ ಸುಲಭ. ನಾನು ಮಾತಾಡುತ್ತಿದ್ದದ್ದೂ ಒಬ್ಬನ ಹತ್ತಿರವೇ. ಈ ಕೊಲ್ಲಿ ದೇಶದಲ್ಲಿ, ಉಮ್ ಅಲ್ ಹಸ್ಸಮ್‌ನ ಈ ರೂಮಿನಲ್ಲಿ ಹದಿನಾಲ್ಕು ವರ್ಷ ಜೊತೆಗಿದ್ದ ಕೊಸ್ಮಸ್. ಮನಾಮಾದ ಹೋಟೆಲೊಂದರ ಬೇಕರಿಯಲ್ಲಿ ಕೆಲಸ, ಊರು ಶಿರ್ವ. ಮೇ ಹತ್ತರಂದು ತೀರಿಕೊಂಡ. ಹಾರ್ಟ್. ಅಣ್ಣತಮ್ಮಂದಿರು ಸತ್ತರೆ ರಜೆ ಕೇಳಬಹುದು. ರೂಮ್‌ಮೇಟ್ ಸತ್ತರೆ ರಜೆಯ ಫಾರ್ಮಿನಲ್ಲಿ ಅದಕ್ಕೆ ಜಾಗವಿಲ್ಲ.

ಮೂರು ಒಳ್ಳೆಯ ವಿಷಯ: ಇಲ್ಲ.

ಸೆಪ್ಟೆಂಬರ್ 3, ಮಂಗಳವಾರ

ಕಂಪನಿಯಲ್ಲಿ ಒಬ್ಬರು ಸಾಲದು ಎಂದು ರೂಮಿನಲ್ಲೂ ಒಬ್ಬನಿದ್ದಾನೆ. ಕೊಸ್ಮಸ್‌ನ ಮಂಚಕ್ಕೆ ಜುಲೈಯಲ್ಲಿ ಬಂದವನು. ಹೆಸರು ಆದಂ, ಉಪ್ಪಿನಂಗಡಿ ಕಡೆಯ ಬ್ಯಾರಿ, ಮೂವತ್ತನಾಲ್ಕು ವರ್ಷ, ಸೂಕ್‌ನಲ್ಲಿ ಅಂದರೆ ಇಲ್ಲಿಯ ಪೇಟೆಯಲ್ಲಿ ಮೊಬೈಲ್ ರಿಪೇರಿ ಮಾಡುತ್ತಾನೆ. ಕೆಟ್ಟವನಲ್ಲ. ಆದರೆ ಬೆಳಿಗ್ಗೆ ಹಲ್ಲುಜ್ಜುವಾಗಲೇ ಫೋನಿನಲ್ಲಿ ಯಾರೋ ಕಿರುಚುತ್ತಿರುತ್ತಾರೆ: ಗೆದ್ದವರ ಹನ್ನೊಂದು ಗುಟ್ಟು, ಸೋಮಾರಿತನಕ್ಕೆ ಆರು ಮದ್ದು. ಇಯರ್‌ಫೋನ್ ಹಾಕು ಎಂದರೆ, “ನಿಮಗೂ ಉಪಯೋಗ ಆಗ್ಲಿ ಅಂತ ಅಣ್ಣ” ಎನ್ನುತ್ತಾನೆ.

ಇವತ್ತಿನದು: “ಅಣ್ಣಾ, ಎದ್ದ ಕೂಡಲೇ ಹಾಸಿಗೆ ಸರಿ ಮಾಡಿದ್ರೆ ಅರ್ಧ ದಿನ ಗೆದ್ದ ಹಾಗೆ ಅಂತೆ.”

“ಹಾಗಾದರೆ ಮೊದಲು ನಿನ್ನದು ಸರಿ ಮಾಡು.”

“ನಾನು ಮಧ್ಯಾಹ್ನದ ಮೇಲೆ ಗೆಲ್ಲುವವ.”

ಮೂರು ಒಳ್ಳೆಯ ವಿಷಯ: ಕರೆಂಟು ಇತ್ತು. ನೀರು ಇತ್ತು. ಅವನು ಎಂಟು ಗಂಟೆಗೆ ಮಲಗಿದ.

ಸೆಪ್ಟೆಂಬರ್ 6, ಶುಕ್ರವಾರ

ರಜೆ. ಹನ್ನೊಂದಕ್ಕೆ ಸರಿಯಾಗಿ ಕ್ಲಾರಾಬಾಯಿಯ ಫೋನ್. ಅವರ ಗಂಡ ಕೊಸ್ಮಸ್ ಇದ್ದಾಗ ಅವನಿಗೆ ಮಾಡುತ್ತಿದ್ದ ಹೊತ್ತು. ಈಗ ನನಗೆ ಮಾಡುತ್ತಾರೆ. ಮಳೆ ಇನ್ನೂ ಬಿಟ್ಟಿಲ್ಲ, ಮಗಳು ಜೋಯ್ಲಿನ್‌ಗೆ ನರ್ಸಿಂಗ್ ಪರೀಕ್ಷೆ ಹತ್ತಿರ ಬಂತು, ಗೋಡೆಗೆ ಪಾಚಿ ಹಿಡಿದಿದೆ. ಎಲ್ಲ ಹೇಳಿ ಮುಗಿಸಿ ಕೊನೆಗೆ ಯಾವಾಗಿನದೇ ಪ್ರಶ್ನೆ.

“ಕೊನೆಗೆ ಏನಾದ್ರೂ ಹೇಳಿದ್ರಾ ವಸಂತಣ್ಣ? ಸ್ವಲ್ಪ ನೆನಪು ಮಾಡಿ.”

“ಇಲ್ಲ ಬಾಯಿ. ನಿದ್ದೆಯಲ್ಲೇ ಹೋದ.”

“ದೇವರ ದಯೆ. ನೀವು ಹತ್ರ ಇದ್ರಿ, ಅಷ್ಟು ಸಾಕು. ದಿನಾ ಸಂಜೆ ತೇರ್ಸ್ ಹೇಳುವಾಗ ನಿಮ್ಮ ಹೆಸರನ್ನೂ ಸೇರಿಸ್ತೇನೆ.”

ಜಪಮಾಲೆ ಹಿಡಿದು ಮಾಡುವ ಪ್ರಾರ್ಥನೆ ಅದು. ಅದರಲ್ಲಿ ನನ್ನ ಹೆಸರು.

ಬರೆದುಬಿಡುತ್ತೇನೆ. ಅವನು ನಿದ್ದೆಯಲ್ಲಿ ಹೋಗಲಿಲ್ಲ. ಎದೆ ನೋಯುತ್ತದೆ ಎಂದು ಮೂರು ಸಲ ಹೇಳಿದ. ನಾನು ಗ್ಯಾಸ್ಟ್ರಿಕ್ ಎಂದೆ. ಓಮದ ನೀರು ಕುದಿಸಿ ಕೊಟ್ಟೆ.

ಇದು ಕ್ಲಾರಾಬಾಯಿಗೆ ಗೊತ್ತಿಲ್ಲ. ಗೊತ್ತಾದರೆ ಆ ಮನೆಯ ಬಾಗಿಲು ನನಗೆ ಮುಚ್ಚುತ್ತದೆ. ನನಗೆ ಮದುವೆಯಾಗಲಿಲ್ಲ. ಇರುವ ಒಬ್ಬಳೇ ಅಕ್ಕ ಮುಂಬೈಯಲ್ಲಿ. ಊರಿಗೆ ಹೋದರೆ ನನ್ನ ಮೊದಲ ಊಟ ಶಿರ್ವದಲ್ಲಿ, ಜೋಯ್ಲಿನ್ ‘ಮಾಮ’ ಎಂದು ಗೇಟಿನವರೆಗೆ ಓಡಿಬರುತ್ತಾಳೆ. ಬೇರೆ ಮನೆ ಎಂದು ನನಗಿಲ್ಲ. ಹೇಳದೆ ಇದ್ದರೆ ಪ್ರತಿ ಶುಕ್ರವಾರ ಈ ಪ್ರಶ್ನೆ.

ಸೆಪ್ಟೆಂಬರ್ 8, ಭಾನುವಾರ

ಎರಡನೆಯ ಕ್ಲಾಸು. ಈ ವಾರದ್ದು ನಡಿಗೆ. ಎಲ್ಲರ ಫೋನಿನಲ್ಲೂ ಹೆಜ್ಜೆ ಎಣಿಸುವ ಆ್ಯಪ್ ನಾಲ್ಕು ದಿನ ಮೊದಲೇ ಹಾಕಿಸಿದ್ದರು. ನನ್ನದು ಒಂದೇ ದಿನಕ್ಕೆ ಹದಿನಾರು ಸಾವಿರ. ಏಸಿ ಡಕ್ಟಿನ ಶೀಟು ಸ್ಟೋರಿನ ಈ ಕಡೆ, ಬೋಲ್ಟು ಆ ಕಡೆ, ಸಹಿ ಮಾಡುವ ಮೇಜು ನಡುವೆ. ನಡೆಯದೆ ಇನ್ನೇನು? ಮೇಡಂ ನೋಡಿ, ಫೋನ್ ಕೆಟ್ಟಿರಬೇಕು ಎಂದರು. ಬಹುಮಾನ ಸಿಕ್ಕಿದ್ದು ಆಫೀಸಿನ ಒಬ್ಬರಿಗೆ. ಅವರು ಒಂಬೈನೂರರಿಂದ ಎರಡು ಸಾವಿರಕ್ಕೆ ಸುಧಾರಿಸಿದ್ದರು.

ಜೋಯ್ಲಿನ್ ಫೋಟೊ ಕಳಿಸಿದ್ದಾಳೆ. ಇವತ್ತು ಮೊಂತಿ ಹಬ್ಬ, ಅವರ ತೆನೆಹಬ್ಬ. ಇಗರ್ಜಿಯಲ್ಲಿ ಆಶೀರ್ವಾದ ಮಾಡಿಸಿ ತಂದ ಹೊಸ ತೆನೆ ಮೇಜಿನ ಮೇಲಿದೆ. ಬಾಳೆಲೆ ನಾಲ್ಕು ಹಾಕಿದ್ದಾರೆ. ಕ್ಲಾರಾಬಾಯಿ, ಅವರ ಅತ್ತೆ, ಜೋಯ್ಲಿನ್. ನಾಲ್ಕನೆಯದು ಯಾರದು ಎಂದು ನಾನು ಕೇಳಲಿಲ್ಲ.

ಸೆಪ್ಟೆಂಬರ್ 10, ಮಂಗಳವಾರ

ಮೂರನೆಯ ಮಹಡಿಯ ಅಮ್ಮು ಕೆಮ್ಮು ಎಂದು ಬಂದಿದ್ದರು. ಕೇರಳದವರು, ಕ್ಲಿನಿಕ್ಕಿನಲ್ಲಿ ಕ್ಲೀನಿಂಗ್ ಕೆಲಸ. ಡಾಕ್ಟರುಗಳ ನಡುವೆ ಇಡೀ ದಿನ ಕಳೆದು ಮದ್ದಿಗೆ ನನ್ನ ಬಾಗಿಲು ತಟ್ಟುತ್ತಾರೆ. “ಡಾಕ್ಟ್ರೇ, ಆ ಕಾಳುಮೆಣಸಿನದು ಸ್ವಲ್ಪ…”

ಇಲ್ಲ ಎಂದು ಬಾಗಿಲು ಹಾಕಿದೆ.

ಈ ‘ಡಾಕ್ಟ್ರು’ ಎಂಬ ಹೆಸರು ಇಟ್ಟವನೂ ಕೊಸ್ಮಸ್ಸೇ. ಅಮ್ಮ ಕಲಿಸಿದ ನಾಲ್ಕು ಮನೆಮದ್ದು ನನಗೆ ಗೊತ್ತು, ಅಷ್ಟೆ. ಶೀತಕ್ಕೆ ಮೆಣಸು, ಭೇದಿಗೆ ದಾಳಿಂಬೆ ಸಿಪ್ಪೆ, ಹೊಟ್ಟೆಗೆ ಓಮ. ಅದನ್ನು ಅವನು ಬಿಲ್ಡಿಂಗಿಗೆಲ್ಲ ಸಾರಿಕೊಂಡು ಬಂದ. “ನಮ್ಮ ಡಾಕ್ಟ್ರ ಹತ್ರ ಹೋಗಿ, ಫೀಸಿಲ್ಲ, ಬರೀ ಬೈಗಳು” ಎನ್ನುತ್ತಿದ್ದ. ನನಗೂ ಅದು ಒಳಗೊಳಗೇ ಇಷ್ಟವಾಗಿತ್ತು. ಇಷ್ಟವಾಗಿತ್ತು ಎನ್ನುವುದೇ ಈಗ ಹೇಸಿಗೆ.

ಸೆಪ್ಟೆಂಬರ್ 12, ಗುರುವಾರ

ಶ್ರೀಜಾ ಮೇಡಂ ಸ್ಟೋರಿಗೇ ಬಂದರು. ಹೈ ಹೀಲ್ಸ್ ಚಪ್ಪಲಿಯಲ್ಲಿ ಬೋಲ್ಟು ದಾಟಿಕೊಂಡು ಬಂದರು, ಅದನ್ನು ಮೆಚ್ಚಬೇಕು.

“ಸರ್, ನೀವು ಹೋಮ್ ರೆಮಿಡಿ ಎಕ್ಸ್‌ಪರ್ಟ್ ಅಂತೆ! ಹೇಳೇ ಇಲ್ಲ ನೋಡಿ. ಬಸ್ ಡ್ರೈವರ್‌ಗೆ ಲಾಸ್ಟ್ ಇಯರ್ ಓಮದ ನೀರು ಕೊಟ್ಟು ಗ್ಯಾಸ್ಟ್ರಿಕ್ ಓಡಿಸಿದ್ರಂತೆ. ವೆಲ್‌ನೆಸ್ ಬೋರ್ಡ್‌ಗೆ ಅದನ್ನೇ ಹಾಕೋಣ. ನಿಮ್ಮ ಫೋಟೊ ಜೊತೆ.”

“ಬೇಡ ಮೇಡಂ.”

“ನಾಚ್ಕೋಬೇಡಿ ಸರ್.”

“ಬೇಡ.”

ನಕ್ಕು ಹೋದರು. ತಪ್ಪು ಅವರದಲ್ಲ. ನಮ್ಮ ಜನ ಊಟಕ್ಕೆ ಕರೆದರೂ ಚಾ ಕೊಟ್ಟರೂ ಎರಡು ಸಲ ಬೇಡ ಎನ್ನುವವರು. ಮೂರನೆಯ ಸಲ ಹೇಳಿದರೆ ಮಾತ್ರ ನಿಜವಾಗಿ ಬೇಡ ಎಂದು. ನಾನು ಮೂರನೆಯದು ಹೇಳುವಷ್ಟರಲ್ಲಿ ಫೋರ್ಕ್‌ಲಿಫ್ಟ್ ಬಂತು.

ಸೆಪ್ಟೆಂಬರ್ 13, ಶುಕ್ರವಾರ

ಹನ್ನೊಂದಕ್ಕೆ ಫೋನ್ ಬಂತು. ಎತ್ತಲಿಲ್ಲ. ಹನ್ನೊಂದೂಹತ್ತಕ್ಕೆ ಮತ್ತೆ ಬಂತು. ಎತ್ತಲಿಲ್ಲ. ಆಮೇಲೆ ವಾಯ್ಸ್ ಮೆಸೇಜ್: “ವಸಂತಣ್ಣ, ಹುಷಾರಿಲ್ವಾ? ಹುಷಾರಿಲ್ಲದಿದ್ರೆ ಸುಮ್ಮನೆ ಮಲಗಬೇಡಿ, ತೋರಿಸಿ.”

ತೋರಿಸಿ ಅಂತೆ.

ಇವತ್ತು ಬರೆಯದಿದ್ದರೆ ಯಾವಾಗಲೂ ಬರೆಯಲಿಕ್ಕಿಲ್ಲ. ಅವತ್ತೂ ಶುಕ್ರವಾರ. ಅವನು ಮನಾಮಾದ ಇಗರ್ಜಿಯಲ್ಲಿ ಪೂಜೆ ಮುಗಿಸಿ ಹನ್ನೆರಡರ ಹೊತ್ತಿಗೆ ಬಂದ. ನಾನು ಬಂಗುಡೆ ಸಾರು ಮಾಡಿದ್ದೆ. ಉಂಡ. ಉಂಡು ಎದೆ ಉಜ್ಜಿಕೊಂಡು, “ಉರೀತದೆ ಮಾರಾಯ, ಎಡಗೈ ಕೂಡ ಭಾರ” ಎಂದ. ಬೇಕರಿಯಲ್ಲಿ ದೊಡ್ಡ ಟ್ರೇ ಎತ್ತುವವನ ಕೈ ಭಾರವಾಗದೆ ಇರುತ್ತದೆಯೇ ಎಂದೆ. ಓಮ ಕುದಿಸಿ ಕೊಟ್ಟೆ. ಒಂದು ಗುಟುಕು ಕುಡಿದು ಮುಖ ಹಿಂಡಿ ಬೈದ. ಆಮೇಲೆ ದೊಡ್ಡದಾಗಿ ತೇಗಿದ. ಇಬ್ಬರೂ ನಕ್ಕೆವು. ನೋಡಿದೆಯಾ, ಬರೀ ಗ್ಯಾಸ್ಟ್ರಿಕ್ ಎಂದೆ.

ಎರಡು ಗಂಟೆಗೆ ಇನ್ನೂ ಹೋಗಿಲ್ಲ ಎಂದ. ಎಡಕ್ಕೆ ಹೊರಳಿ ಮಲಗು ಎಂದೆ.

ಎರಡೂವರೆಗೆ, “ಆಸ್ಪತ್ರೆಗೆ ಹೋಗುವನಾ?” ಎಂದ. ಗ್ಯಾಸಿಗೆ ಆಸ್ಪತ್ರೆಗೆ ಹೋದರೆ ನರ್ಸುಗಳು ನಗುತ್ತಾರೆ ಎಂದೆ. ಹಾಗೆ ಹೇಳಿ ಕೂದಲು ಕತ್ತರಿಸಿಕೊಳ್ಳಲು ಕೆಳಗೆ ಹೋದೆ. ಅಂಗಡಿಯಲ್ಲಿ ಜನ ಇದ್ದರು, ಕಾದೆ. ಮೂರೂಮುಕ್ಕಾಲಿಗೆ ಹತ್ತಿ ಬಂದಾಗ ಅವನು ಎಡಕ್ಕೇ ಹೊರಳಿ ಮಲಗಿದ್ದ.

ಶವಪೆಟ್ಟಿಗೆಯ ಜೊತೆ ನಾನು ಊರಿಗೆ ಹೋಗಲಿಲ್ಲ. ರಜೆ ಸಿಗಲಿಲ್ಲ ಎಂದೆ. ರಜೆ ಕೇಳಿಯೇ ಇರಲಿಲ್ಲ.

ಸೆಪ್ಟೆಂಬರ್ 15, ಭಾನುವಾರ

ಕ್ಯಾಂಟೀನಿನ ಬಾಗಿಲಲ್ಲೇ ಹಾಕಿದ್ದಾರೆ. ನನ್ನ ಗುರುತಿನ ಚೀಟಿಯ ಫೋಟೊ, ಮೇಜಿನಷ್ಟು ದೊಡ್ಡದು ಮಾಡಿ. ತಲೆಯ ಮೇಲೆ ಡಾಕ್ಟರ ಟೊಪ್ಪಿ ಬರೆದಿದ್ದಾರೆ. ಕೆಳಗೆ ಇಂಗ್ಲಿಷ್, ಹಿಂದಿ, ಕನ್ನಡ ಮೂರರಲ್ಲೂ: ‘ಎದೆಯುರಿಯೇ? ಗ್ಯಾಸ್ಟ್ರಿಕ್ಕೇ? ಓಮದ ನೀರು ಕುಡಿಯಿರಿ, ನಗುತ್ತಿರಿ! ಸ್ಟೋರ್ ಡಾಕ್ಟರ್ ವಸಂತಕುಮಾರ್.’

ಜನ ನಿಂತು ಚಪ್ಪಾಳೆ ತಟ್ಟಿದರು. ಡ್ರೈವರ್ ಸಿಳ್ಳೆ ಹೊಡೆದ. ನಾನು ಹೋಗಿ ಅದನ್ನು ಹರಿದೆ. ಅಂಟು ಗಟ್ಟಿಯಿತ್ತು, ಒಂದೇ ಸಲಕ್ಕೆ ಬರಲಿಲ್ಲ. ಉಗುರಿನಿಂದ ಕೆರೆದು ಕೆರೆದು ತೆಗೆದೆ. ಚಪ್ಪಾಳೆ ನಿಂತದ್ದು ನಡುವೆ ಯಾವಾಗಲೋ. ಮುಖ ಪೂರ್ತಿ ಹೋಯಿತು, ಟೊಪ್ಪಿ ಮಾತ್ರ ಬಾಗಿಲಲ್ಲೇ ಉಳಿಯಿತು.

ಸೆಪ್ಟೆಂಬರ್ 16, ಸೋಮವಾರ

ಎಚ್‌ಆರ್‌ಗೆ ಕರೆದರು. ಮೇಡಂ ಕಣ್ಣು ಕೆಂಪಾಗಿತ್ತು, ಅತ್ತಿದ್ದರೋ ನಿದ್ದೆ ಇರಲಿಲ್ಲವೋ.

“ಸರ್, ನಿಮಗೆ ಇಷ್ಟ ಇಲ್ಲ ಅಂದ್ರೆ ಹೇಳ್ಬೋದಿತ್ತಲ್ವಾ?”

“ಎರಡು ಸಲ ಹೇಳಿದೆ ಮೇಡಂ.”

“ಅಷ್ಟು ಜನರ ಮುಂದೆ ಹರಿಯೋ ಅಂಥದ್ದು ಏನಿತ್ತು ಅದ್ರಲ್ಲಿ?”

“ಅದು ತಪ್ಪು.”

“ಏನು ತಪ್ಪು? ನಮ್ಮಜ್ಜಿನೂ ಓಮದ ನೀರೇ ಕೊಡ್ತಿದ್ರು.”

ಎಲ್ಲರ ಅಜ್ಜಿಯರೂ ಕೊಡುತ್ತಿದ್ದರು. ಅದೇ ತೊಂದರೆ. ಬಾಗಿಲಿಗೆ ಪೇಂಟ್ ಮಾಡಿಕೊಡುತ್ತೇನೆ ಎಂದೆ. ವಾರ್ನಿಂಗ್ ಲೆಟರ್ ಕೊಡಬೇಕಿತ್ತಂತೆ, ಕೊಡುವುದಿಲ್ಲವಂತೆ. ಅದಕ್ಕೆ ಬದಲು ಕೋಪ ನಿಯಂತ್ರಣದ ಹತ್ತು ಉಪಾಯ ಎಂಬ ಹಾಳೆ ಕೊಟ್ಟರು. ಮೊದಲನೆಯದು: ದೀರ್ಘವಾಗಿ ಉಸಿರೆಳೆದು ಹತ್ತರವರೆಗೆ ಎಣಿಸಿ. ಎಣಿಸಿದೆ. ಹತ್ತಾಯಿತು.

ಸೆಪ್ಟೆಂಬರ್ 19, ಗುರುವಾರ

ಗಂಟೆ ಹನ್ನೆರಡಾಯಿತು, ಆದರೂ ಬರೆದೇ ಮಲಗುತ್ತೇನೆ.

ಸಂಜೆ ಆರಕ್ಕೆ ಬಂದಾಗ ಆದಂ ರೂಮಿನಲ್ಲೇ ಇದ್ದ. ಅಂಗಡಿಯಿಂದ ಬೇಗ ಬಂದಿದ್ದ. ಲುಂಗಿ ಉಟ್ಟು ಗೋಡೆಗೆ ಒರಗಿ ಕೂತಿದ್ದ, ಹಣೆಯಲ್ಲಿ ಬೆವರು, ಕೈ ಎದೆಯ ಮೇಲೆ. ಫೋನಿನಲ್ಲಿ ಯಾರೂ ಕಿರುಚುತ್ತಿರಲಿಲ್ಲ.

“ಅಣ್ಣಾ, ಗ್ಯಾಸ್ಟ್ರಿಕ್. ಸ್ವಲ್ಪ ಓಮ ಉಂಟಾ?”

“ಏಳು.”

“ಎಲ್ಲಿಗೆ?”

“ಆಸ್ಪತ್ರೆಗೆ.”

“ಎಂತ ಮಾರಾಯ್ರೆ ನೀವು! ಎರಡು ಶವರ್ಮಾ ತಿಂದದ್ದು, ಬೆಳ್ಳುಳ್ಳಿ ಚಟ್ನಿ ಜಾಸ್ತಿ ಹಾಕಿಸಿಕೊಂಡು. ಒಂದು ತೇಗು ಬಂದ್ರೆ ಮುಗೀತು.”

“ತೇಗು ಬಂದರೂ ಏಳು.”

“ಪ್ಯಾಂಟಾದ್ರೂ ಹಾಕ್ತೇನೆ!”

ಬಿಡಲಿಲ್ಲ. ಹದಿನಾಲ್ಕು ಮೆಟ್ಟಿಲು ಇಳಿಯುವಾಗ ನಡೆಯಬೇಡ ಎಂದೆ. ನಡೆಯದೆ ಹಾರಿ ಹೋಗ್ಲಾ ಎಂದ. ಹೆಗಲು ಕೊಟ್ಟೆ. ಬಿಲ್ಡಿಂಗಿನವರೆಲ್ಲ ಬಾಗಿಲಿಗೆ ಬಂದರು. ಟ್ಯಾಕ್ಸಿಯಲ್ಲಿ ಅವನು ಉದ್ದಕ್ಕೂ ಬೈದ, ನಾನು ಉದ್ದಕ್ಕೂ ಎಡಗೈ ಹೇಗಿದೆ ಎಂದು ಕೇಳಿದೆ. ಐದನೆಯ ಸಲಕ್ಕೆ, “ನೀವು ಹಿಡಿದು ಹಿಡಿದೇ ನೋಯ್ತದೆ!” ಎಂದು ಕೈ ಎಳೆದುಕೊಂಡ.

ಎಮರ್ಜೆನ್ಸಿಯಲ್ಲಿ ಎದೆನೋವು ಎಂದ ಕೂಡಲೇ ಒಳಗೆ ಕರೆದುಕೊಂಡು ಹೋದರು. ಹೆಸರು ಸಹ ಆಮೇಲೆ ಕೇಳಿದರು. ಇಸಿಜಿ ಮಾಡಿದರು, ರಕ್ತ ತೆಗೆದರು, ಎರಡು ಗಂಟೆ ಕಾಯಿಸಿ ಮತ್ತೆ ಮಾಡಿದರು. ನಾನು ಆ ನರ್ಸುಗಳ ಮುಖವನ್ನೇ ನೋಡುತ್ತಿದ್ದೆ. ಒಬ್ಬರೂ ನಗಲಿಲ್ಲ. ನಗಬಹುದಿತ್ತು, ಅವನು ಹಸಿರು ಚೌಕುಳಿ ಲುಂಗಿಯಲ್ಲಿದ್ದ.

ಡಾಕ್ಟರು ಬಂದು ಹಾರ್ಟ್ ಚೆನ್ನಾಗಿದೆ, ಅಸಿಡಿಟಿ, ಆದರೂ ಬಂದದ್ದು ಸರಿ ಎಂದರು. ಆದಂ ನನ್ನ ಕಡೆ ತಿರುಗಿ, “ಎಂತ ಹೇಳಿದ್ದೆ ನಾನು!” ಎಂದ. ಎಂದವನೇ ಕಾರಿಡಾರಿನಲ್ಲಿ ತೇಗಿದ. ಅಷ್ಟು ದೊಡ್ಡ ತೇಗನ್ನು ನಾನು ಜೀವನದಲ್ಲಿ ಎರಡು ಸಲ ಮಾತ್ರ ಕೇಳಿದ್ದೇನೆ.

ಅವನು ಬಾಗಿಲ ಕಡೆ ಹೊರಟ. ನಾನು ಅಲ್ಲೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತುಬಿಟ್ಟೆ. ಆದಂ ಬೈಯುವುದನ್ನು ನಿಲ್ಲಿಸಿ, “ಅಣ್ಣಾ, ನಿಮಗೆ ಎಂತ ಆಯ್ತು?” ಎಂದು ಪಕ್ಕದಲ್ಲಿ ಕೂತ. ಹೇಳಿದೆ. ಎಲ್ಲ. ಕೂದಲು ಕತ್ತರಿಸಿಕೊಳ್ಳಲು ಹೋದದ್ದನ್ನೂ. ಒಬ್ಬ ಮನುಷ್ಯನ ಎದುರು ಮೊದಲ ಸಲ.

ಅವನು ಲುಂಗಿಯ ಗಂಟು ಬಿಗಿ ಮಾಡಿಕೊಂಡ. ಆಮೇಲೆ, “ಆ ಬಾಯಿಗೆ ಹೇಳಿದ್ರಾ?” ಎಂದ.

“ಇಲ್ಲ.”

ಅವನು ತನ್ನ ಫೋನನ್ನು ಕೈಯಲ್ಲಿ ತಿರುಗಿಸಿದ. “ಇದಕ್ಕೆ ನನ್ನ ಹತ್ರ ವಿಡಿಯೋ ಯಾವುದೂ ಇಲ್ಲ ಅಣ್ಣ” ಎಂದ.

ಸೆಪ್ಟೆಂಬರ್ 20, ಶುಕ್ರವಾರ

ಹನ್ನೊಂದಾಗುವ ಮೊದಲೇ ನಾನೇ ಮಾಡಿದೆ. ಆದಂ ಹೇಳದೆಯೇ ಹೊರಗೆ ಹೋಗಿ ಮೆಟ್ಟಿಲಲ್ಲಿ ಕೂತ.

“ಬಾಯಿ, ಒಂದು ವಿಷಯ ಹೇಳ್ಲಿಕ್ಕುಂಟು. ಕೊಸ್ಮಸ್ ನಿದ್ದೆಯಲ್ಲಿ ಹೋಗಲಿಲ್ಲ.”

ಆ ಕಡೆ ಒಗ್ಗರಣೆಯ ಶಬ್ದ ಇತ್ತು. ಅದು ನಿಂತಿತು. ಒಲೆ ಆರಿಸಿರಬೇಕು. “ಹೇಳಿ” ಎಂದರು.

ಹೇಳಿದೆ. ನಾಲ್ಕು ತಿಂಗಳು ಅಡಗಿಸಿದ್ದು ಎರಡು ನಿಮಿಷದಲ್ಲಿ ಮುಗಿಯಿತು.

“ಆಸ್ಪತ್ರೆಗೆ ಹೋಗುವ ಅಂತ ಅವರೇ ಕೇಳಿದ್ದಾ?”

“ಹೌದು.”

“ನೀವು ಬೇಡ ಅಂದದ್ದಾ?”

“ಹೌದು.”

ಆಮೇಲೆ ನಿಧಾನಕ್ಕೆ, “ನನ್ನ ಹತ್ರ ಹೇಳಿದ್ರೆ ನಾನೂ ಗ್ಯಾಸ್ಟ್ರಿಕ್ ಅಂತಲೇ ಹೇಳ್ತಿದ್ದೆ. ನಮ್ಮ ಮನೆಯಲ್ಲಿ ಎಲ್ಲದಕ್ಕೂ ಗ್ಯಾಸ್ಟ್ರಿಕ್ಕೇ” ಎಂದರು.

ನನಗೆ ಸ್ವಲ್ಪ ಹಗುರಾಯಿತು. ಆಗಬಾರದಿತ್ತು. ಏಕೆಂದರೆ ಕೂಡಲೇ ಹೇಳಿದರು: “ಆದ್ರೆ ನನ್ನ ಹತ್ರ ಹೇಳಲಿಲ್ಲ. ನಿಮ್ಮ ಹತ್ರ ಹೇಳಿದ್ದು.”

“ಹೌದು ಬಾಯಿ.”

“ಅದನ್ನು ಬಿಡಿ. ಪ್ರತಿ ಶುಕ್ರವಾರ ನಾನು ಕೇಳಿದೆ, ಏನಾದ್ರೂ ಹೇಳಿದ್ರಾ, ಏನಾದ್ರೂ ಹೇಳಿದ್ರಾ ಅಂತ. ಭಿಕ್ಷೆ ಬೇಡಿದ ಹಾಗೆ ಕೇಳಿದೆ. ಏನೂ ಇಲ್ಲ ಅಂದ್ರಿ. ಆ ಮನುಷ್ಯ ಮೂರು ಸಲ ಮಾತಾಡಿದ್ದಾರೆ. ಅವರು ಕೊನೆಗೆ ಆಡಿದ ಮಾತನ್ನೂ ನೀವೇ ಇಟ್ಟುಕೊಂಡ್ರಿ.”

ಇದು ನನಗೆ ಹೊಳೆದೇ ಇರಲಿಲ್ಲ. ತಪ್ಪನ್ನು ಅಡಗಿಸಿದೆ ಎಂದುಕೊಂಡಿದ್ದೆ. ಅವರ ಪಾಲನ್ನೂ ಅಡಗಿಸಿದ್ದೆ.

“ಆ ನೀರು ಕುಡಿದು ಎಂತ ಹೇಳಿದ್ರು?”

ಹೇಳಬೇಕೋ ಬೇಡವೋ ತಿಳಿಯಲಿಲ್ಲ. ಆದರೆ ಇನ್ನು ಇಟ್ಟುಕೊಳ್ಳುವ ಹಾಗಿರಲಿಲ್ಲ. “‘ಥೂ ಡಾಕ್ಟ್ರೇ, ಇದನ್ನು ಕುಡಿಯುದಕ್ಕಿಂತ ಸಾಯುದೇ ಒಳ್ಳೇದು’ ಅಂದ.”

ಒಂದು ಶಬ್ದ ಬಂತು. ನಗುವೋ ಅಳುವೋ ನನಗೆ ಗೊತ್ತಾಗಲಿಲ್ಲ, ಅವರಿಗೂ ಗೊತ್ತಿದ್ದಿರಲಿಕ್ಕಿಲ್ಲ. “ಹಾಗೇ ಹೇಳುವವರು ಅವರು” ಎಂದರು. “ಕಷಾಯ ಕೊಟ್ರೆ ನನಗೂ ಹಾಗೇ ಬೈತಿದ್ರು.”

ಆಮೇಲೆ ಸ್ವರ ಬದಲಾಯಿತು. “ಇನ್ನು ನಾನು ಫೋನ್ ಮಾಡುದಿಲ್ಲ ವಸಂತಣ್ಣ. ಮಾಡುದಾದ್ರೆ ನೀವು ಮಾಡಿ. ಎತ್ತುತ್ತೇನೋ ಇಲ್ವೋ ಈಗ ಹೇಳ್ಲಿಕ್ಕೆ ಆಗುದಿಲ್ಲ.”

ಇಟ್ಟರು.

ಸೆಪ್ಟೆಂಬರ್ 21, ಶನಿವಾರ

ಏನೂ ಇಲ್ಲ.

ಸೆಪ್ಟೆಂಬರ್ 25, ಬುಧವಾರ

ಬಿಲ್ಡಿಂಗಿನಲ್ಲಿ ನನಗೆ ಹೊಸ ಹೆಸರು: ಇಸಿಜಿ ಡಾಕ್ಟ್ರು. ಆದಂ ಸೂಕ್‌ನ ಅರ್ಧ ಜನಕ್ಕೆ ಲುಂಗಿಯ ಕಥೆ ಹೇಳಿದ್ದಾನೆ. ಶವರ್ಮಾ ಎರಡರಿಂದ ನಾಲ್ಕಾಗಿದೆ, ಟ್ಯಾಕ್ಸಿ ಆಂಬುಲೆನ್ಸ್ ಆಗಿದೆ. ಅಮ್ಮು ಕೇಳಿ ನಕ್ಕು ನಕ್ಕು ಮತ್ತೆ ಕೆಮ್ಮಿದರು. ಇನ್ನೂ ಹೋಗಿಲ್ಲವೇ ಎಂದು ಕೇಳಿದೆ. ಹದಿನೈದು ದಿನದ ಕೆಮ್ಮಿಗೆ ಮೆಣಸು ಸಾಲದು, ನಾಳೆ ನಿಮ್ಮ ಕ್ಲಿನಿಕ್ಕಿನಲ್ಲೇ ಎದೆ ಪರೀಕ್ಷೆ ಮಾಡಿಸಿ ಬನ್ನಿ, ಇಲ್ಲದಿದ್ದರೆ ನಾನು ಬಂದು ಕೂರುತ್ತೇನೆ ಎಂದೆ. ಮೆಣಸನ್ನೂ ಕೊಟ್ಟೆ.

ಶ್ರೀಜಾ ಮೇಡಂ ಹತ್ತಿರ ಒಂದು ಚೀಟಿ ಬರೆದುಕೊಂಡು ಹೋಗಿದ್ದೆ. ಬೋರ್ಡಿಗೆ ಇದನ್ನು ಹಾಕಿ ಎಂದೆ. ‘ಎದೆ ನೋವು, ಎಡಗೈ ಭಾರ, ಬೆವರು ಬಂದರೆ ಯಾರ ಟಿಪ್ಸೂ ಕೇಳಬೇಡಿ. ನನ್ನದನ್ನಂತೂ ಕೇಳಲೇಬೇಡಿ. ಆಂಬುಲೆನ್ಸಿಗೆ, 999ಕ್ಕೆ ಫೋನ್ ಮಾಡಿ.’

“ಸರ್, ತುಂಬ ನೆಗೆಟಿವ್ ಆಯ್ತು. ಬೋರ್ಡ್ ಪಾಸಿಟಿವ್ ಆಗಿರ್ಬೇಕು ಅಂತ ಮ್ಯಾನೇಜ್‌ಮೆಂಟ್…”

ನನ್ನ ರೂಮ್‌ಮೇಟ್ ಹಾಗೆ ಸತ್ತ, ಓಮದ ನೀರು ಕೊಟ್ಟದ್ದು ನಾನು ಎಂದೆ. ಅಷ್ಟೇ ಹೇಳಿದ್ದು. ಅವರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು, ಹಾಕಿದರು. “ಸಾರಿ ಸರ್. ಆ ಟೊಪ್ಪಿ ಹಾಕಿದ್ದು ನಾನೇ” ಎಂದರು. ಟೊಪ್ಪಿ ಚೆನ್ನಾಗಿ ಬರೆದಿದ್ದಿರಿ ಎಂದೆ.

ಸಂಜೆಯೊಳಗೆ ಆರು ಭಾಷೆಯಲ್ಲಿ ಅಂಟಿಸಿದ್ದರು. ಮಲಯಾಳಂನಲ್ಲಿ ತಪ್ಪಿದೆಯಂತೆ. ಎಲ್ಲದರ ಮೇಲೂ ಬಲೂನಿನ ಚಿತ್ರ. ಮ್ಯಾನೇಜ್‌ಮೆಂಟಿಗೋಸ್ಕರವಂತೆ. ಎದೆ ಒಡೆದುಕೊಳ್ಳುವವನಿಗೆ ಬಲೂನು! ಹೇಳಿ ಪ್ರಯೋಜನವಿಲ್ಲ.

ಸೆಪ್ಟೆಂಬರ್ 27, ಶುಕ್ರವಾರ

ಹನ್ನೊಂದಕ್ಕೆ ಮಾಡಿದೆ. ಎತ್ತಲಿಲ್ಲ. ಹನ್ನೊಂದೂವರೆಗೆ ಮಾಡಿದೆ. ಎತ್ತಲಿಲ್ಲ. ಎತ್ತುತ್ತೇನೆಂದು ಅವರು ಹೇಳಿಯೂ ಇರಲಿಲ್ಲ.

ಬಂಗುಡೆ ತಂದು ಸಾರು ಮಾಡಿದೆ. ಆದಂ ಎರಡು ಸಲ ಹಾಕಿಸಿಕೊಂಡು ಖಾರ ಹೆಚ್ಚಾಯಿತು ಎಂದ. ಹೆಚ್ಚಾದರೆ ಎರಡನೆಯ ಸಲ ಯಾಕೆ ಹಾಕಿಸಿಕೊಂಡೆ ಎಂದೆ. ಖಾರ ಹೌದಾ ಅಲ್ವಾ ಎಂದು ಖಾತ್ರಿ ಮಾಡ್ಲಿಕ್ಕೆ ಎಂದ. ಇವನ ಜೊತೆ ಮಾತಾಡಿ ಗೆಲ್ಲಲು ಸಾಧ್ಯವಿಲ್ಲ.

ಅಕ್ಟೋಬರ್ 1, ಮಂಗಳವಾರ

ಅಮ್ಮುಗೆ ಎದೆಯ ಎಕ್ಸ್‌ರೇ ತೆಗೆದರಂತೆ. ಸ್ವಲ್ಪ ನ್ಯುಮೋನಿಯಾ, ಮಾತ್ರೆ ಕೊಟ್ಟಿದ್ದಾರೆ. ಮಾತ್ರೆಯ ಜೊತೆ ಮೆಣಸಿನ ಕಷಾಯ ಕುಡಿಯಬಹುದೇ ಎಂದು ಕೇಳಲು ಬಂದಿದ್ದರು. ಅದನ್ನೂ ಅಲ್ಲೇ ಕೇಳಬಾರದಿತ್ತೇ!

ಕಂಪನಿಯಲ್ಲಿ ನೋಟ್‌ಬುಕ್ ಎಷ್ಟು ಜನ ಬರೆಯುತ್ತಿದ್ದೀರಿ ಎಂದು ಕೈ ಎತ್ತಿಸಿದರು. ನಾನು ಎತ್ತಲಿಲ್ಲ. ಮೂರು ಒಳ್ಳೆಯ ವಿಷಯವನ್ನಂತೂ ಬರೆಯುತ್ತಿಲ್ಲ.

ಅಕ್ಟೋಬರ್ 4, ಶುಕ್ರವಾರ

ಹನ್ನೊಂದಕ್ಕೆ ಮಾಡಿದೆ. ಎತ್ತಲಿಲ್ಲ. ಹನ್ನೆರಡಕ್ಕೆ ಮಾಡಿದೆ. ಎತ್ತಲಿಲ್ಲ. ಇನ್ನು ಮುಂದಿನ ವಾರ ಎಂದುಕೊಂಡು ಬಟ್ಟೆ ಒಗೆಯಲು ನೆನೆಸಿದೆ. ಮನಸ್ಸು ಕೇಳಲಿಲ್ಲ. ಸೋಪಿನ ಕೈಯಲ್ಲೇ ಮೂರನೆಯ ಸಲ ಮಾಡಿದೆ.

ಎತ್ತಿದರು. ಹಲೋ ಎನ್ನಲಿಲ್ಲ. ಹೇಗಿದ್ದೀರಿ ಎಂದು ನಾನೂ ಕೇಳಲಿಲ್ಲ.

“ನನಗೆ ಇನ್ನೂ ಕೋಪ ಹೋಗಲಿಲ್ಲ” ಎಂದರು.

“ಗೊತ್ತುಂಟು.”

“ಬೇಗ ಹೋಗುದೂ ಇಲ್ಲ.”

“ಸರಿ ಬಾಯಿ.”

ಕುರ್ಚಿ ಎಳೆದು ಕೂತ ಶಬ್ದ ಕೇಳಿಸಿತು. “ಆ ದಿನದ್ದು ಪೂರ್ತಿ ಹೇಳಿ. ಬೆಳಿಗ್ಗೆಯಿಂದ. ಎದ್ದದ್ದು, ಕುಡಿದದ್ದು, ಯಾವ ಅಂಗಿ ಹಾಕಿದ್ದು, ಎಲ್ಲ. ಅವಸರ ಮಾಡಬೇಡಿ.”

ನಾನು ಕೈ ಒರೆಸಿಕೊಂಡು ಮಂಚದ ಮೇಲೆ ಕೂತೆ. “ಏಳಕ್ಕೆ ಎದ್ದ” ಎಂದೆ.

“ಏಳಕ್ಕಲ್ಲ” ಎಂದರು. “ಆರೂವರೆಗೆ ನನಗೆ ಗುಡ್ ಮಾರ್ನಿಂಗ್ ಹೂವು ಕಳಿಸಿದ್ದಾರೆ. ಆಗ ಇಲ್ಲಿ ಊರಲ್ಲಿ ಒಂಬತ್ತು ಗಂಟೆ. ಫೋನಿನಲ್ಲಿ ಉಂಟು.”

“ಸರಿ” ಎಂದೆ. “ಆರೂವರೆ.”